ಏರುಮಡಿಗೆ ಎಂಟು ಗಜ ಮಣ್ಣು

ಹೋದ ವಸಂತದಲ್ಲಿ ಕ್ಲಾರ್ಕ್ಸ್‌ಬರ್ಗಿನಿಂದ ಮಗಳು ಫೋನ್ ಮಾಡಿದಳು. ಮನೆಯ ಹಿಂದೆ ಹಲಗೆ ಜೋಡಿಸಿ ತರಕಾರಿಗೆ ಎತ್ತರದ ಪಾತಿ ಕಟ್ಟುತ್ತಿದ್ದಳು. “ಅಮ್ಮಾ, ಎಂಟು ಫೀಟ್, ನಾಲ್ಕು ಫೀಟ್, ಒಂದು ಫೂಟ್ ಹೈಟ್. ಎಷ್ಟು ಮಣ್ಣು ಬೇಕು? ಮಣ್ಣು ಮಾರೋರು ಯಾರ್ಡ್‌ನಲ್ಲಿ ಕೇಳ್ತಾರೆ.” ನಾನು ಒಲೆಯ ಮುಂದೆ ನಿಂತಲ್ಲಿಂದಲೇ ಹೇಳಿದೆ. “ಮೂವತ್ತೆರಡು ಘನ ಅಡಿ. ಇಪ್ಪತ್ತೇಳರಿಂದ ಭಾಗಿಸು. ಮಣ್ಣು ಕುಸಿಯುತ್ತೆ, ಒಂದೂಕಾಲು ಯಾರ್ಡ್ ತರಿಸು.”

“ವಾವ್, ಹೌ ಡು ಯು ನೋ ದಿಸ್?” ಎಂದು ನಕ್ಕಳು.

ಫೋನ್ ಇಟ್ಟ ಮೇಲೆ ಅಂಗೈ ಮೂಸಿ ನೋಡಿಕೊಂಡೆ. ಕೊತ್ತಂಬರಿ ಸೊಪ್ಪಿನ ವಾಸನೆಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಸಿಂಕಿನಲ್ಲಿ ಎರಡು ಸಲ ಸೋಪು ಹಾಕಿ ತೊಳೆದೆ. ತೊಂಬತ್ತೇಳನೆಯ ಇಸವಿಯ ಆ ಬೇಸಿಗೆಯನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಅದನ್ನು ಇಷ್ಟು ವರ್ಷ ಮಗಳಿಗೂ ಹೇಳಿರಲಿಲ್ಲ.

ಆಗ ನಾವು ವರ್ಜೀನಿಯಾದ ಸ್ಟರ್ಲಿಂಗಿನಲ್ಲಿದ್ದೆವು. ವಿಮಾನಗಳು ಪಕ್ಕದ ಡಲ್ಲಸ್ ನಿಲ್ದಾಣದಲ್ಲಿ ಇಳಿಯಲು ನಮ್ಮ ಸೂರಿನ ಮೇಲೆಯೇ ಚಕ್ರ ಬಿಚ್ಚುತ್ತಿದ್ದವು. ಗಂಡ ರಮೇಶ ಬೆಳಗ್ಗೆ ಕಾರು ತೆಗೆದುಕೊಂಡು ಹೋದರೆ ಸಂಜೆಯವರೆಗೆ ನಾನು, ನಾಲ್ಕು ವರ್ಷದ ಮಗಳು, ಟೀವಿ. ಮೈಸೂರಿನ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದ್ದವಳು ನಾನು. ಇಲ್ಲಿಯ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಎರಡು ವರ್ಷದಿಂದ ನಾನು ಹಾಕಿದ್ದ ದೊಡ್ಡ ಲೆಕ್ಕವೆಂದರೆ ಲೀಟರು ಹಾಲು ಎಷ್ಟು ಗ್ಯಾಲನ್ ಎಂಬುದು.

ನಮ್ಮದೂ ಸೇರಿ ಅಲ್ಲಿ ಆರು ಕನ್ನಡದ ಮನೆಗಳಿದ್ದವು. ಅವರೆಲ್ಲರಿಗೂ ಹಿರಿಯರು ಶ್ರೀಕಂಠಯ್ಯ ಅಂಕಲ್. ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಕೆಲಸ, ಸ್ವಂತ ಮನೆ, ಮನೆಯ ಹಿಂದೆ ದೊಡ್ಡ ಹಿತ್ತಲು. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವುದು, ಡ್ರೈವಿಂಗ್ ಹೇಳಿಕೊಡುವುದು, ಹಬ್ಬಕ್ಕೆ ಎಲ್ಲರನ್ನೂ ಕರೆದು ಊಟ ಹಾಕುವುದು, ಎಲ್ಲವೂ ಅವರೇ. ಅವರ ಹೆಂಡತಿ ವಿಮಲಾ ಆಂಟಿ. ಆ ವರ್ಷ ಅಂಕಲ್‌ಗೆ ತಮ್ಮ ಹಿತ್ತಲಿನಲ್ಲಿ ಆರೂ ಮನೆಗೆ ಸಾಲುವಷ್ಟು ತರಕಾರಿ ಬೆಳೆಯುವ ಆಸೆ ಹುಟ್ಟಿತು. ವರ್ಜೀನಿಯಾದ ನೆಲ ಇಟ್ಟಿಗೆ ಸುಡಲು ಲಾಯಕ್ಕಾದ ಕೆಂಪು ಜೇಡಿ, ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಅದಕ್ಕೆ ನೆಲದ ಮೇಲೆ ಹಲಗೆಯ ಚೌಕಟ್ಟು ಕಟ್ಟಿ ಹೊರಗಿನ ಮಣ್ಣು ತುಂಬಿ ಏರುಮಡಿ ಮಾಡುವುದೆಂದು ನಿರ್ಧಾರವಾಯಿತು.

ಈ ಉಪಾಯ ಹೇಳಿದವರು ಲಕ್ಷ್ಮಣ್. ಹೆಬ್ಬಾಳದಲ್ಲಿ ಕೃಷಿ ಓದಿ ಇಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ನಲವತ್ತರ ಮನುಷ್ಯ. ಕೋಲಾರದ ಕಡೆಯವರು. ಹೆಂಡತಿ ಮಂಜುಳ. ಆರು ಮನೆಗಳಲ್ಲಿ ಕೊನೆಗೆ ಬಂದು ಸೇರಿದವರು ಅವರು. ಸಂಕ್ರಾಂತಿ ಊಟದಲ್ಲಿ ವಿಮಲಾ ಆಂಟಿ ಅವರನ್ನು, “ನಿಮ್ಮ ತಂದೆ ಏನು ಮಾಡ್ತಿದ್ರು?” ಎಂದು ಕೇಳಿದ್ದರು. ಲಕ್ಷ್ಮಣ್ ಮುಚ್ಚುಮರೆಯಿಲ್ಲದೆ, “ತಂದೆ ಸ್ಕೂಲ್ ಮೇಷ್ಟ್ರು. ಅವರನ್ನ ಓದಿಸಿದ್ದು ನಮ್ಮಜ್ಜಿ. ಪುರಸಭೆಯಲ್ಲಿ ಜಾಡಮಾಲಿ ಕೆಲಸ ಮಾಡ್ತಿದ್ರು,” ಎಂದಿದ್ದರು. ಆಂಟಿ “ಓ, ಹೌದಾ” ಎಂದು ಪಾಯಸ ಬಡಿಸಲು ಮುಂದಿನವರ ಕಡೆ ಹೋದರು. ಅದು ಅಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ.

ಮಾರ್ಚ್‌ನ ಒಂದು ಭಾನುವಾರ ಅಂಕಲ್ ಅವರ ಊಟದ ಮೇಜಿನ ಸುತ್ತ ಮೂವರು ಕುಳಿತೆವು. ಅಂಕಲ್, ಲಕ್ಷ್ಮಣ್, ನಾನು. ವಿಮಲಾ ಆಂಟಿ ಮಾಲ್‌ಗೆ ಹೋಗಿದ್ದರು. ರಮೇಶ ಹೊರಗೆ ಮಕ್ಕಳ ಜೊತೆ ಹಿಮದ ಉಳಿಕೆಯನ್ನು ತುಳಿಯುತ್ತಿದ್ದ. ಅಂಕಲ್ ಕಾಗದದ ಮೇಲೆ ಲೆಕ್ಕ ಹಾಕಿಟ್ಟಿದ್ದರು.

“ಎಂಟು, ನಾಲ್ಕು, ಒಂದು. ಮೂವತ್ತೆರಡು. ಅಂಥವು ಆರು, ನೂರ ತೊಂಬತ್ತೆರಡು. ಯಾರ್ಡ್ ಅಂದ್ರೆ ಮೂರು ಅಡಿ. ಅಲ್ಲಿಗೆ ಅರವತ್ತನಾಲ್ಕು ಯಾರ್ಡ್.”

“ಅಷ್ಟು ತರಿಸಿದ್ರೆ ನಿಮ್ಮ ಮನೆ ಕಿಟಕಿ ಮುಚ್ಚಿಹೋಗುತ್ತೆ ಅಂಕಲ್,” ಎಂದೆ. ಮಗಳ ಪ್ಲಾಸ್ಟಿಕ್ ಬ್ಲಾಕುಗಳ ಡಬ್ಬಿ ಬ್ಯಾಗಿನಲ್ಲಿತ್ತು. ಮೇಜಿನ ಮೇಲೆ ಸುರಿದು ಒಂದೊಂದು ಬ್ಲಾಕೂ ಒಂದು ಘನ ಅಡಿ ಎಂದುಕೊಳ್ಳಿ ಎಂದೆ. ಉದ್ದಕ್ಕೆ ಮೂರು ಇಟ್ಟೆ. ಅಗಲಕ್ಕೆ ಮೂರು ಸಾಲು ಮಾಡಿದೆ. ಅದರ ಮೇಲೆ ಇನ್ನೆರಡು ಅಂತಸ್ತು ಏರಿಸಿದೆ. “ಇದು ಒಂದು ಘನ ಗಜ. ಎಣಿಸಿ ನೋಡಿ, ಇಪ್ಪತ್ತೇಳು. ಮೂರರಿಂದ ಅಲ್ಲ, ಇಪ್ಪತ್ತೇಳರಿಂದ ಭಾಗಿಸಬೇಕು. ಏಳು ಗಜಕ್ಕಿಂತ ಚೂರು ಹೆಚ್ಚು.”

ಅಂಕಲ್ ನಿಜವಾಗಿಯೂ ಎಣಿಸಿದರು. ಎರಡು ವರ್ಷದ ಮೇಲೆ ಒಬ್ಬರ ಮುಖದಲ್ಲಿ ಲೆಕ್ಕ ಹೊಳೆಯುವುದನ್ನು ನೋಡಿದ್ದೆ. ಎಷ್ಟು ಸುಖವಾಯಿತೆಂದು ಹೇಳಲಾರೆ.

“ಮೇಡಂ ಲೆಕ್ಕ ಸರಿ,” ಎಂದರು ಲಕ್ಷ್ಮಣ್. “ಆದ್ರೆ ಸಡಿಲ ಮಣ್ಣು ಎರಡು ಮಳೆಗೆ ಕುಸಿದುಬಿಡುತ್ತೆ. ಎಂಟು ತರಿಸಿ. ನಾಲ್ಕು ಗಜ ಮಣ್ಣು, ನಾಲ್ಕು ಗಜ ಕಾಂಪೋಸ್ಟು. ಏರುಮಡಿಗೆ ಅದು ಒಳ್ಳೇ ಹದ.”

ಆಮೇಲೆ ಅವರು ಒಂದು ಅಚ್ಚಾದ ಹಾಳೆಯನ್ನು ಮೇಜಿನ ಮೇಲಿಟ್ಟರು. “ಸರ್, ಒಂದು ವಿಷಯ ಹೇಳ್ಬೇಕು. ನಾನು ಹೇಳ್ತಿರೋ ಕಾಂಪೋಸ್ಟು ಊರಿನ ಕೊಳಚೆಯಿಂದ ಮಾಡಿದ್ದು. ಟಾಯ್ಲೆಟ್‌ನಿಂದ ಬಂದಿದ್ದೂ ಸೇರಿ. ಮರದ ಚೂರಿನ ಜೊತೆ ಬೇಯಿಸಿ, ತಿಂಗಳುಗಟ್ಟಲೆ ಹಣ್ಣು ಮಾಡಿರ್ತಾರೆ. ಟೆಸ್ಟ್ ರಿಪೋರ್ಟ್ ಇಲ್ಲಿದೆ, ನಾನೇ ಓದಿದೀನಿ. ತೊಂದರೆ ಇಲ್ಲ. ಆದ್ರೆ ತಿನ್ನೋರಿಗೆ ಗೊತ್ತಿರಬೇಕು. ಬೇಡ ಅಂದ್ರೆ ಕುದುರೆ ಲದ್ದಿದು ಹುಡುಕೋಣ.”

ನಾನು ಮಗಳ ಬ್ಲಾಕುಗಳನ್ನು ಬೇಗಬೇಗ ಡಬ್ಬಿಗೆ ತುಂಬಿದೆ. ಅಂಕಲ್ ಹಾಳೆಯನ್ನು ಓದಿದರು, ಹಿಂದಕ್ಕೆ ತಿರುಗಿಸಿ ನೋಡಿದರು.

“ಬೆಳೆ ಚೆನ್ನಾಗಿ ಬರುತ್ತಾ?”

“ಬೇರೆ ಎಲ್ಲದಕ್ಕಿಂತ ಚೆನ್ನಾಗಿ.”

“ಹಾಗಾದ್ರೆ ತರಿಸಿ. ಹೆಂಗಸರಿಗೆ ಈಗ್ಲೇ ಹೇಳೋದು ಬೇಡ, ರಾದ್ಧಾಂತ ಮಾಡ್ತಾರೆ. ಸಮಯ ನೋಡಿ ನಾನೇ ಹೇಳ್ತೀನಿ.” ನನ್ನ ಕಡೆ ತಿರುಗಿ ನಕ್ಕರು. “ನೀನು ಆ ಲೆಕ್ಕಕ್ಕೆ ಬರೋಲ್ಲ ಶಾರದಾ. ನೀನು ಸೈನ್ಸ್ ಓದಿದವಳು.”

ಆ ಮಾತಿಗೆ ನಾನು ಉಬ್ಬಿಹೋದೆ. ನನ್ನ ಹೇಸಿಗೆಯ ಮೊದಲ ಪಾಲು ಅಲ್ಲಿಯದು. ಮೇಜಿನ ಮೇಲಿದ್ದ ಕೊಳಚೆಯ ಕಾಗದದ್ದಲ್ಲ, ಆ ಹೊಗಳಿಕೆಯನ್ನು ಕಡಲೆಪುರಿಯಂತೆ ಮುಕ್ಕಿದ ನನ್ನದು.

ಏಪ್ರಿಲ್ ಮೊದಲ ವಾರ ಲಾರಿ ಬಂತು. ಕಾಂಪೋಸ್ಟಿನ ಗುಡ್ಡೆ ಮನೆಯ ಮುಂದಿನ ಡ್ರೈವ್‌ವೇ ಮೇಲೆ ಬಿದ್ದಾಗ ಅದರಿಂದ ಹಬೆ ಏಳುತ್ತಿತ್ತು. ಮೂಗು ಕಟ್ಟುವ ಅಮೋನಿಯ, ಅದರ ಕೆಳಗೆ ಇನ್ನೇನೋ ಸಿಹಿಯಾಗಿ ಕೊಳೆತದ್ದು. ಪಕ್ಕದ ಮನೆಯಾಕೆ ಕಿಟಕಿ ಎಳೆದುಕೊಂಡಳು. ಗಂಡಸರು ಕರವಸ್ತ್ರ ಕಟ್ಟಿಕೊಂಡು ತಳ್ಳುಗಾಡಿಯಲ್ಲಿ ಸಾಗಿಸಿದರು. ಲಕ್ಷ್ಮಣ್ ಒಬ್ಬರೇ ಏನೂ ಕಟ್ಟಿಕೊಳ್ಳದೆ ಕೈಯಲ್ಲಿ ಹಿಡಿದು ಹಿಸುಕಿ, “ಇನ್ನೊಂದು ವಾರ ಗಾಳಿಗೆ ಬಿಟ್ಟು ಆಮೇಲೆ ಬೆರೆಸೋಣ,” ಎಂದರು. ಅಂಕಲ್ ಗ್ಯಾರೇಜಿನ ಬಾಗಿಲಲ್ಲಿ ನಿಂತು ನಿರ್ದೇಶನ ಕೊಟ್ಟರು. ವಾರದ ಮೇಲೆ ಬೆರೆಸಿ ತುಂಬುವಾಗ ನಾನು ಹಲಗೆಯ ಒಳಗೆ ಅಡಿಕೋಲು ಹಿಡಿದು ಎಷ್ಟು ತುಂಬಿದೆ ಎಂದು ನೋಡಿದೆ. ಎಂಟು ಗಜ ಸರಿಯಾಗಿ ಹಿಡಿಸಿತು. ಸ್ನಾನ ಮಾಡಿದರೂ ಉಗುರಿನ ಸಂದಿಯಿಂದ ನಾತ ಹೋಗಲಿಲ್ಲ. ಎರಡು ದಿನ ಚಮಚದಲ್ಲಿ ಊಟ ಮಾಡಿದೆ.

ಮೇ ಹೊತ್ತಿಗೆ ವಾಸನೆ ಹೋಗಿತ್ತು, ಬರಿಯ ಮಣ್ಣಿನ ವಾಸನೆ ಉಳಿದಿತ್ತು. ಜೂನ್‌ನಲ್ಲಿ ಬೆಂಡೆ ನನ್ನ ಭುಜದೆತ್ತರ ಬಂತು. ಹರಿವೆ, ಬದನೆ, ಹಸಿಮೆಣಸಿನಕಾಯಿ. ಅಂಕಲ್ ಶನಿವಾರ ಶನಿವಾರ ಕಾಗದದ ಚೀಲದಲ್ಲಿ ತುಂಬಿ ಮನೆಮನೆಗೆ ಹಂಚಿದರು. ಅದೇ ತಿಂಗಳು ಮೈಸೂರಿನಿಂದ ನನ್ನ ಅತ್ತೆ ಬಂದರು. ಮಡಿ ಹೆಂಗಸು. ವಿಮಾನದಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟದೆ ಬಂದಿದ್ದರು. ಫ್ರಿಜ್ಜಿನ ತರಕಾರಿಯನ್ನು ನಂಬದವರು ಅಂಕಲ್ ಚೀಲದ ಬೆಂಡೆಕಾಯಿಯನ್ನು ಮಾತ್ರ ಮುರಿದು ನೋಡಿ, “ಇದು ಎಳೇದು, ಮನೇಲಿ ಬೆಳೆದಿದ್ದು,” ಎಂದು ಗೊಜ್ಜು ಮಾಡಿಕೊಳ್ಳುತ್ತಿದ್ದರು. ನಾನು ಬಡಿಸಿದೆ, ತಿಂದೆ, ಮಗಳಿಗೂ ತಿನ್ನಿಸಿದೆ. ಅಂಕಲ್ ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಲಕ್ಷ್ಮಣ್ ಒಮ್ಮೆ, “ಸರ್ ಎಲ್ರಿಗೂ ಹೇಳಿದ್ರಲ್ವಾ ಮೇಡಂ?” ಎಂದು ವಿಚಾರಿಸಿದಾಗ, “ಹೇಳಿರ್ತಾರೆ,” ಎಂದೆ.

ಆಗಸ್ಟ್‌ನಲ್ಲಿ ಏರುಮಡಿಗಳು ನಾಲ್ಕು ಅಂಗುಲ ಕುಸಿದಿದ್ದವು. ಚಳಿಗಾಲಕ್ಕೆ ಮುಂಚೆ ಮೆಂತ್ಯ, ಕೊತ್ತಂಬರಿ ಹಾಕಲು ಮತ್ತೆ ತುಂಬಬೇಕಿತ್ತು. ಅಂಕಲ್ ಫೋನ್ ಮಾಡಿ ಕೇಳಿದರು. ಅಡಿಯ ಮೂರನೇ ಒಂದು ಪಾಲು, ಅರವತ್ತನಾಲ್ಕು ಘನ ಅಡಿ, ಎರಡೂವರೆ ಯಾರ್ಡ್ ತರಿಸಿ ಎಂದೆ. ಅವರು ತರಿಸಿದರು. ಲಾರಿ ಬರುವ ಶನಿವಾರವೇ ಹಿತ್ತಲಿನಲ್ಲಿ ಎಲ್ಲರಿಗೂ ಊಟ ಇಟ್ಟುಕೊಂಡಿರುವುದು ಅವರಿಗೆ ಮರೆತೇಹೋಗಿತ್ತು.

ಮಡಚುವ ಮೇಜುಗಳ ಮೇಲೆ ಬೆಂಡೆಕಾಯಿ ಗೊಜ್ಜು, ಬದನೆಕಾಯಿ ಎಣ್ಣೆಗಾಯಿ, ಹರಿವೆ ಸೊಪ್ಪಿನ ಹುಳಿ. ಇಪ್ಪತ್ತು ಜನ ತಿನ್ನುತ್ತಿದ್ದೆವು. ಲಕ್ಷ್ಮಣ್ ಮತ್ತು ಮಂಜುಳ ತಡವಾಗಿ ಬಂದರು. ಮಂಜುಳ ತಾವು ತಂದ ಚಿತ್ರಾನ್ನದ ಸ್ಟೀಲ್ ಪಾತ್ರೆಯನ್ನು ಮೇಜಿನ ತುದಿಗಿಟ್ಟು ಮುಚ್ಚಳ ಸರಿಮಾಡುತ್ತಿದ್ದರು. ಆಗ ಲಾರಿ ಹಿಂದಕ್ಕೆ ಬಂದು ಬೀಪ್ ಬೀಪ್ ಎನ್ನುತ್ತ ಡ್ರೈವ್‌ವೇ ಮೇಲೆ ಸುರಿಯಿತು. ಹಬೆ ಬೇಲಿ ದಾಟಿ ಊಟದ ಮೇಲೆ ಬಂತು.

ವಿಮಲಾ ಆಂಟಿ ಸೆರಗು ಮೂಗಿಗೆ ಹಿಡಿದು ಡ್ರೈವರನ ಹತ್ತಿರ ಹೋದರು. “ಇಸ್ ದಿಸ್ ಕೌ ಮನ್ಯೂರ್?”

ಸಹಿ ಹಾಕಿಸಿಕೊಳ್ಳಲು ಹಾಳೆ ಹಿಡಿದಿದ್ದ ಆ ದೊಡ್ಡ ಮೈಯವನು ಸಂಕೋಚವಿಲ್ಲದೆ ಹೇಳಿದ. “ನೋ ಮ್ಯಾಮ್. ಪೀಪಲ್.”

ಆಂಟಿಗೆ ಅರ್ಥವಾಗಲಿಲ್ಲ. ಅವನು ನಮ್ಮ ಪಾತಿಗಳ ಕಡೆ ಮೆಚ್ಚುಗೆಯಿಂದ ಕೈ ತೋರಿಸಿ, ಮನುಷ್ಯರದ್ದು, ಊರಿನ ಮೋರಿಯದ್ದು, ನೀವು ಏಪ್ರಿಲ್‌ನಲ್ಲಿ ತರಿಸಿದ್ದೂ ಇದೇ, ಟೊಮೇಟೊಗೆ ಬಹಳ ಒಳ್ಳೆಯದು ಎಂದು ಬಿಡಿಸಿ ಹೇಳಿದ.

ಒಬ್ಬರು ಬಾಯಲ್ಲಿದ್ದುದನ್ನು ತಟ್ಟೆಗೇ ಉಗಿದರು. ಇನ್ನೊಬ್ಬರು ಹೂವಿನ ಗಿಡಗಳ ಹಿಂದೆ ಹೋಗಿ ವಾಂತಿ ಮಾಡಿದರು. ತೋಟದ ಪೈಪು ತೆರೆದು ಸಾಲಾಗಿ ನಿಂತು ಬಾಯಿ ಮುಕ್ಕಳಿಸಿದರು. ನನ್ನ ಅತ್ತೆ ಕುರ್ಚಿಯಲ್ಲಿ ಹಾಗೇ ಕುಳಿತಿದ್ದರು. ಬೆರಳುಗಳನ್ನು ಅಗಲಿಸಿ, ಕೈಯನ್ನು ಮೈಯಿಂದ ದೂರ ಹಿಡಿದಿದ್ದರು. ಅದು ಯಾರದೋ ಕೈ ಎಂಬಂತೆ.

“ಏನ್ರೀ ಇದು?” ಎಂದು ಆಂಟಿ ಗಂಡನನ್ನು ಕೇಳಿದರು.

ಅಂಕಲ್ ತಟ್ಟೆಯಲ್ಲಿ ಬೇಳೆ ಸಾರು, ಅನ್ನ, ಹಪ್ಪಳ ಇತ್ತು. ಆಗ ನನಗೆ ಹೊಳೆಯಿತು. ಇಡೀ ಬೇಸಿಗೆಯಲ್ಲಿ ಅವರು ಆ ಪಾತಿಗಳದ್ದು ಒಂದು ಕಾಯನ್ನೂ ತಿಂದಿರಲಿಲ್ಲ. ಗ್ಯಾಸ್ಟ್ರಿಕ್, ಬದನೆ ನಂಜು, ಬೆಂಡೆ ಲೋಳೆ, ಪ್ರತಿ ಸಲ ಒಂದೊಂದು ಕಾರಣ. ನನ್ನ ನಾಲ್ಕು ವರ್ಷದ ಮಗಳ ಕೈಗೆ ಎಳೆ ಬೆಂಡೆಕಾಯಿ ಕೊಟ್ಟು, ಹಸಿಯಾಗೇ ತಿನ್ನು ಪುಟ್ಟಾ ಎಂದವರು ಅವರೇ.

“ಲಕ್ಷ್ಮಣ್ ಹೇಳಿದ್ದು, ನಾನು ತರಿಸಿದ್ದು,” ಎಂದರು ಅಂಕಲ್. “ಗೊಬ್ಬರ ಅಂದ್ರು. ಎಂಥ ಗೊಬ್ಬರ ಅಂತ ನನಗೇನು ಗೊತ್ತು?”

ಲಕ್ಷ್ಮಣ್ ದನಿ ಏರಿಸಲಿಲ್ಲ. “ಸರ್, ಮಾರ್ಚ್‌ನಲ್ಲಿ ನಿಮ್ಮ ಟೇಬಲ್ ಮೇಲೆ ಪೇಪರ್ ಇಟ್ಟು ಹೇಳಿದ್ನಲ್ಲ. ಎಲ್ರಿಗೂ ಹೇಳಿ ಅಂತಾನೂ ಅಂದಿದ್ದೆ.”

“ಯಾವ ಪೇಪರ್ರೀ?”

ಲಕ್ಷ್ಮಣ್ ನನ್ನ ಕಡೆ ನೋಡಿದರು. ಹೆಸರು ಹಿಡಿದು ಕರೆಯಲಿಲ್ಲ, ಕೇಳಲಿಲ್ಲ. ಸುಮ್ಮನೆ ನೋಡಿದರು. ನಾನಿದ್ದೆ ಎಂಬ ಒಂದೇ ಮಾತು ಸಾಕಿತ್ತು. ಅದನ್ನಾಡಿದರೆ, ಗೊತ್ತಿದ್ದೂ ಅತ್ತೆಗೆ ಎರಡು ತಿಂಗಳು ಬಡಿಸಿದವಳು ಎಂದಾಗುತ್ತಿತ್ತು. ನಾನು ಅತ್ತೆಯ ಅಗಲಿಸಿದ ಬೆರಳುಗಳನ್ನೇ ನೋಡುತ್ತ ನಿಂತೆ.

ಆಗ ವಿಮಲಾ ಆಂಟಿ ನನ್ನ ಅತ್ತೆಯ ಕಡೆ ಬಗ್ಗಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. “ಅವರಿಗೇನು ಬಿಡಿ. ಅವರ ಮನೆತನಕ್ಕೆ ಅದೆಲ್ಲ ಅಭ್ಯಾಸ.”

ಇಪ್ಪತ್ತು ಜನರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ರಮೇಶ ಮಗಳ ಷೂ ಲೇಸು ಕಟ್ಟಲು ಕುಳಿತ. ಅದು ಬಿಚ್ಚಿಯೇ ಇರಲಿಲ್ಲ.

ಊಟವನ್ನೆಲ್ಲ ಕಪ್ಪು ಚೀಲಗಳಿಗೆ ಸುರಿದದ್ದಾಯಿತು. ಆಂಟಿ ಒಳಗೆ ಹೋಗಿ ಹೊಸದಾಗಿ ಅನ್ನ ಮಾಡಿ ಮೊಸರು ಕಲಸಿ ತಂದರು. ಎಲ್ಲರೂ ಅದನ್ನು ಹಾಕಿಸಿಕೊಂಡರು. ಮಂಜುಳ ತಂದ ಚಿತ್ರಾನ್ನ ಅಂಗಡಿಯ ಅಕ್ಕಿ, ಅಂಗಡಿಯ ನಿಂಬೆಹಣ್ಣಿನದು. ಆ ಹಿತ್ತಲಿನ ಒಂದು ಎಲೆಯೂ ಅದರಲ್ಲಿರಲಿಲ್ಲ. ಅದು ಮೇಜಿನ ತುದಿಯಲ್ಲೇ ಇತ್ತು, ಯಾರೂ ಮುಚ್ಚಳ ತೆಗೆಯಲಿಲ್ಲ. ನಾನೂ ಮೊಸರನ್ನ ತಿಂದೆ. ಮಂಜುಳ ಸ್ವಲ್ಪ ಹೊತ್ತು ಆ ಪಾತ್ರೆಯ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಅದನ್ನು ಅಲ್ಲೇ ಬಿಟ್ಟು, ಗಂಡನ ಜೊತೆ ಕಾರಿನ ಕಡೆ ನಡೆದರು.

ಮನೆಗೆ ಬರುತ್ತ ಕಾರಿನಲ್ಲಿ ತಡೆಯಲಾಗದೆ ಅತ್ತೆಗೆ ಹೇಳಿಬಿಟ್ಟೆ. “ಅಮ್ಮ, ನಂಗೆ ಮೊದ್ಲಿಂದ ಗೊತ್ತಿತ್ತು. ಲಕ್ಷ್ಮಣ್ ಹೇಳಿದಾಗ ನಾನಲ್ಲೇ ಇದ್ದೆ.” ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಎರಡು ಸಿಗ್ನಲ್ ದಾಟಿದೆವು. ಆಮೇಲೆ ಕೇಳಿದರು. “ಅಲ್ಲಿ ಯಾರ ಮುಂದೂ ಬಾಯಿ ಬಿಡಲಿಲ್ಲ ತಾನೇ?”

“ಇಲ್ಲ.”

“ಜಾಣೆ. ಮನೆ ಮರ್ಯಾದೆ ಉಳಿಸಿದೆ.”

ರಮೇಶ ಕನ್ನಡಿಯಲ್ಲಿ ನೋಡಿ, “ಬಿಡು, ಮುಗೀತಲ್ಲ,” ಎಂದ. ಬೆಂಡೆಕಾಯಿ ನನ್ನ ಹೊಟ್ಟೆಯಲ್ಲಿ ತೆಪ್ಪಗಿತ್ತು. ಆ ‘ಜಾಣೆ’ ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಅತ್ತೆ ಮರುದಿನದಿಂದ ತಮ್ಮ ಅಡಿಗೆ ತಾವೇ ಮಾಡಿಕೊಂಡರು. ನನ್ನ ಮೇಲೆ ಸಿಟ್ಟಿರಲಿಲ್ಲ. ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸುತ್ತಿದ್ದರು. ಅದು ಇನ್ನೂ ಕಷ್ಟವಾಗಿತ್ತು.

ಎರಡು ವಾರದ ನಂತರ ಅಂಕಲ್ ಫೋನ್ ಮಾಡಿದರು. ಮಣ್ಣನ್ನೆಲ್ಲ ತೆಗೆಸಿ ಶುದ್ಧಿ ಮಾಡಿಸುತ್ತಿದ್ದೇನೆ, ಸಾಗಿಸುವವರು ಎಷ್ಟು ಯಾರ್ಡ್ ಎಂದು ಕೇಳುತ್ತಿದ್ದಾರೆ, ಬಂದು ಅಳತೆ ನೋಡಿ ಹೇಳು ಎಂದರು. ಏನೂ ಆಗಿಲ್ಲವೆಂಬ ಧ್ವನಿ. ಆ ದಿನ ರಮೇಶ ಮನೆಯಲ್ಲಿದ್ದುದರಿಂದ ಕಾರು ತೆಗೆದುಕೊಂಡು ಹೋದೆ. ಯಾಕೆ ಹೋದೆ ಎಂದರೆ, ಹೋಗುವುದು ಅಭ್ಯಾಸವಾಗಿತ್ತು.

ಅಡಿಕೋಲು ಗ್ಯಾರೇಜಿನಲ್ಲಿದೆ ಎಂದರು. ಅಲ್ಲಿ ಗೋಡೆಗೆ ಒರಗಿಸಿದ್ದ ಸಲಿಕೆಗಳ ಬುಡದಲ್ಲಿ, ಒಣಗಿದ ಕಾಂಪೋಸ್ಟು ಮೆತ್ತಿದ ಕೈಗವಸುಗಳ ಪಕ್ಕ, ಮಂಜುಳ ಅವರ ಸ್ಟೀಲ್ ಪಾತ್ರೆ ಇತ್ತು. ಮುಚ್ಚಳದ ಸುತ್ತ ನೊಣ. ತೆಗೆದು ನೋಡಿದೆ. ಚಿತ್ರಾನ್ನ ಹಾಗೇ ಇತ್ತು. ಆಗಸ್ಟ್ ಸೆಖೆಯಲ್ಲಿ ಎರಡು ವಾರ ಮುಚ್ಚಿಟ್ಟ ಅನ್ನ, ಮೇಲೆ ಬೂದು ತುಪ್ಪಳ, ಅಡಿಯಲ್ಲಿ ಹಳದಿ ನೀರು, ನಡುವೆ ಬಿಳಿ ಹುಳುಗಳು. ಆ ವರ್ಷ ನಾನು ಕಂಡ ನಾತಗಳಲ್ಲೆಲ್ಲ ಅದೇ ಕೆಟ್ಟದ್ದು. ಗ್ಯಾರೇಜಿನ ಮೂಲೆಯಲ್ಲಿ ನಾನೇ ವಾಂತಿ ಮಾಡಿಕೊಂಡೆ.

ವಿಮಲಾ ಆಂಟಿ ಒಳಬಾಗಿಲಲ್ಲಿ ಬಂದು ನಿಂತರು. “ಅಯ್ಯೋ, ಅದನ್ನ ಯಾಕೆ ತೆಗೆಯೋಕೆ ಹೋದೆ? ಒಳಗೆ ತರೋಕೆ ಮನಸ್ಸು ಬರಲಿಲ್ಲ, ಇಲ್ಲೇ ಇಟ್ಟಿದ್ದೆ.”

ಪಾತ್ರೆಯನ್ನು ಹಿತ್ತಲಿಗೆ ಒಯ್ದು ಅನ್ನವನ್ನು ಪಾತಿಯ ಒಂದು ಮೂಲೆಯಲ್ಲಿ ಹೂತೆ. ನಲ್ಲಿಯ ಕೆಳಗೆ ಬರಿಗೈಯಲ್ಲೇ ತಿಕ್ಕಿ ತೊಳೆದೆ. ಅಂಕಲ್ ಪಕ್ಕದಲ್ಲಿ ಬಂದು, “ಎಷ್ಟಾಗುತ್ತೆ ಶಾರದಾ?” ಎಂದರು.

“ಅಂಕಲ್, ಲಕ್ಷ್ಮಣ್ ಪೇಪರ್ ಕೊಟ್ಟಾಗ ನಾನಿದ್ದೆ.”

ಅವರು ಮನೆಯ ಕಡೆ ಒಮ್ಮೆ ನೋಡಿದರು. “ಈಗ ಅದೆಲ್ಲ ಯಾಕಮ್ಮ? ಅವರಿಬ್ಬರೂ ಬರೋದು ನಿಲ್ಲಿಸಿದಾರೆ. ಎಲ್ಲ ತಣ್ಣಗಾಗಿದೆ.”

“ನಾನು ಎಲ್ಲರಿಗೂ ಹೇಳ್ತೀನಿ.”

“ಹೇಳು. ಗೊತ್ತಿದ್ದೂ ನಿಮ್ಮತ್ತೆಗೆ ಬಡಿಸಿದೆ ಅಂತಾನೂ ಹೇಳು,” ಎಂದರು ಶಾಂತವಾಗಿ. ಆಮೇಲೆ ಅವರ ಮುಖ ನೋಡಲಾಗಲಿಲ್ಲ. ಅಳತೆ ಹೇಳದೆ ಹೊರಟೆ.

ಆ ಮಧ್ಯಾಹ್ನ ಉಳಿದ ಮೂರು ಮನೆಗೂ ಫೋನ್ ಮಾಡಿದೆ. ಲಕ್ಷ್ಮಣ್ ಮೊದಲೇ ಹೇಳಿದ್ದರು, ಅಂಕಲ್‌ಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೂರೂ ಮನೆಯಲ್ಲಿ ಇಷ್ಟನ್ನೇ ಹೇಳಿದೆ. ಒಬ್ಬರು, “ನಮ್ಮ ಮಕ್ಕಳಿಗೆ ತಿನ್ನಿಸಿದ್ರಲ್ಲ, ನಿಮಗೆ ಹೇಗೆ ಮನಸ್ಸು ಬಂತು?” ಎಂದು ಫೋನ್ ಕುಕ್ಕಿದರು. ಒಬ್ಬರು ಹೂಂ ಹೂಂ ಎಂದು ಕೇಳಿ ಹವಾಮಾನದ ಮಾತಿಗೆ ಹೋದರು. ಮೂರನೆಯವರು, “ಅದೇನೇ ಇರ್ಲಿ, ವಿಮಲಾ ಆಂಟಿ ಅಂದಿದ್ದು ಸುಳ್ಳೇನಲ್ಲವಲ್ಲ,” ಎಂದರು. ಪಕ್ಕದ ಕೋಣೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಊರಿಗೆ ಮರಳುವವರೆಗೆ ಮತ್ತೆ ನನ್ನನ್ನು ಪ್ರೀತಿಯಿಂದ ಮಾತಾಡಿಸಲಿಲ್ಲ. ನನಗೆ ಅದರಿಂದ ಸ್ವಲ್ಪ ಉಸಿರಾಡಿದಂತಾಯಿತು.

ಭಾನುವಾರ ಪಾತ್ರೆ ಹಿಡಿದು ಲಕ್ಷ್ಮಣ್ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಒಳಗೆ ರಟ್ಟಿನ ಪೆಟ್ಟಿಗೆಗಳಿದ್ದವು. ಕೆರೊಲಿನಾದಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತೇವೆ ಎಂದರು ಲಕ್ಷ್ಮಣ್. ನಾನು ಮಾಡಿದ ಫೋನುಗಳ ಬಗ್ಗೆ ಹೇಳಿದೆ. ತಲೆಯಾಡಿಸಿದರು. “ನೀವು ಹೇಳಿದ್ದು ಒಳ್ಳೇದಾಯ್ತು ಮೇಡಂ. ಕೂತ್ಕೊಳ್ಳಿ,” ಎಂದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ತೆಗೆದಿಟ್ಟರು. ಅವರು ನನ್ನನ್ನು ಅಷ್ಟು ಸುಲಭವಾಗಿ ಮನ್ನಿಸಿದ್ದಕ್ಕೆ ನನ್ನ ಕಣ್ಣು ತುಂಬಿತು. ಕುಳಿತೆ.

ಮಂಜುಳ ಅಡಿಗೆಮನೆಯಿಂದ ಬಂದರು. ಪಾತ್ರೆ ನೋಡಿದರು, ಕೈಗೆ ತೆಗೆದುಕೊಂಡರು, ಒಳಗೆ ಬೆರಳಾಡಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ಅವತ್ತು ನೀವು ನನ್ನ ಚಿತ್ರಾನ್ನ ತಿಂದ್ರಾ?”

ಲಕ್ಷ್ಮಣ್ ಕಿಟಕಿಯ ಕಡೆ ತಿರುಗಿಕೊಂಡರು.

“ಇಲ್ಲ,” ಎಂದೆ.

“ಮೊಸರನ್ನ?”

“ತಿಂದೆ.”

ಮಂಜುಳ ತಲೆಯಾಡಿಸಿದರು. ಪಾತ್ರೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ಆಮೇಲೆ ಹೋಗಿ ಬಾಗಿಲು ತೆರೆದು ಹಿಡಿದು, ನಾನು ಏಳುವವರೆಗೆ ಅಲ್ಲೇ ನಿಂತರು.